ಮೂವತ್ತೇಳನೆಯ ಸುರುಳಿ

ಹನ್ನೊಂದು ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದರೂ ಚುರುಕಿಗೆ ಹನ್ನೆರಡನೆಯದು ಸಿಗಲಿಲ್ಲ. ಮಸೂರ ಒರೆಸುವ ಮೆತ್ತನೆಯ ಬಿಳಿ ಬಟ್ಟೆಗಳವು. ಸೋಮವಾರ ಬೆಳಿಗ್ಗೆ ಅವನ್ನು ಒಗೆಯುವುದು ಈಗ ಅವಳ ಕೆಲಸವಲ್ಲ. ಆದರೂ ಕೈ ಬಿಟ್ಟಿರಲಿಲ್ಲ. ಬಕೆಟ್ಟಿನ ತಳ ತಡಕುತ್ತಿದ್ದಾಗ ಒಳಗಿನಿಂದ ಪ್ರೊಫೆಸರರ ದನಿ ಕೇಳಿತು.

"ಮೂವತ್ತೇಳು ಎಲ್ರೀ? ಕಪಾಟಿನಲ್ಲಿ ಮೂವತ್ತೇಳೇ ಇಲ್ಲ!"

ಆ ಕಾಲದಲ್ಲಿ ಎಣಿಸುವ ಯಂತ್ರಗಳು ಬಂದಿರಲಿಲ್ಲ, ಮನುಷ್ಯರೇ ಕೂತು ನೋಡಬೇಕಿತ್ತು. ಎಲ್ಲೋ ದೂರದಲ್ಲಿ ಮೈಲುದ್ದದ ಯಂತ್ರವೊಂದು ಎಲೆಕ್ಟ್ರಾನುಗಳನ್ನು ಮಿಂಚಿನ ವೇಗದಲ್ಲಿ ಪ್ರೋಟಾನುಗಳಿಗೆ ಹೊಡೆಯುತ್ತಿತ್ತು. ಹೊಡೆತದ ಚಿತ್ರಗಳು ಫಿಲ್ಮಿನ ಸುರುಳಿಗಳಾಗಿ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟ ಕೋಣೆಯಲ್ಲಿ ಆರು ಮೇಜು, ಆರು ಹೆಂಗಸರು, ಅವರಲ್ಲಿ ಈಗ ಚುರುಕಿಯೂ ಒಬ್ಬಳು. ಸುರುಳಿಯನ್ನು ಮೇಜಿನ ಹಲ್ಲಿನ ಚಕ್ರಕ್ಕೇರಿಸಿ ದೀಪ ಹಾಕಿದರೆ ಮೇಜಿನ ಮೇಲೆ ಕಣಗಳು ಹಾದ ಜಾಡು ಬಿಳಿ ಕೂದಲಿನಂತೆ ಹರಡಿಕೊಳ್ಳುತ್ತಿತ್ತು. ಮುಂದೆ ಎಷ್ಟೋ ವರ್ಷಗಳಾದ ಮೇಲೂ ಬಿಸಿಯಾದ ಬಲ್ಬಿನ ವಾಸನೆ ಬಂದರೆ ಸಾಕು, ಚುರುಕಿಗೆ ಆ ಕೋಣೆ ಕಣ್ಣಿಗೆ ಕಟ್ಟುತ್ತಿತ್ತು.

ಪ್ರೋಟಾನಿನ ಒಳಗೇನಿದೆ ಎಂಬುದೇ ಪ್ರಶ್ನೆ. ಆ ಹೆಂಗಸರಲ್ಲಿ ಹಿರಿಯಳಾದ ದೊಡ್ಡಕ್ಕ ಅದನ್ನು ಚುರುಕಿಗೆ ಹೀಗೆ ಹೇಳಿಕೊಟ್ಟಿದ್ದಳು: "ಹತ್ತಿಮೂಟೆಗೆ ಗೋಲಿ ಹೊಡೆದ್ರೆ ಸ್ವಲ್ಪ ಓರೆಯಾಗಿ ಆಚೆ ಹೋಗತ್ತೆ. ಯಾವುದಾದ್ರೂ ಗೋಲಿ ಸರಕ್ಕನೆ ಪಕ್ಕಕ್ಕೆ ಸಿಡಿದ್ರೆ ಒಳಗೆ ಕಲ್ಲಿದೆ ಅಂತ ಲೆಕ್ಕ. ಸಿಡಿದದ್ದನ್ನ ಹುಡುಕೋದೇ ನಮ್ಮ ಕೆಲಸ." ಪ್ರೋಟಾನು ಒಳಗೆಲ್ಲ ಮೆತ್ತಗೇ ಎಂದು ವಾದಿಸುವ ಕಿರಿಯ ವಿಜ್ಞಾನಿಗೆ ಹೆಂಗಸರು ಇಟ್ಟ ಹೆಸರು ಹತ್ತಿಮೂಟೆ ಪಂಡಿತ.

ಪ್ರತಿ ಸುರುಳಿಯನ್ನೂ ಇಬ್ಬರು ನೋಡಬೇಕು, ಒಬ್ಬರ ಎಣಿಕೆ ಇನ್ನೊಬ್ಬರಿಗೆ ಗೊತ್ತಾಗಬಾರದು. ಮೂವತ್ತೇಳನೆಯದರಲ್ಲಿ ಸಿಡಿದ ಜಾಡುಗಳು ಚುರುಕಿಗೆ ಕಂಡದ್ದು ನಲವತ್ತೊಂದು. ಇಪ್ಪತ್ತು ವರ್ಷದಿಂದ ಒಂದನೆಯ ಮೇಜಿನಲ್ಲಿ ಕೂತ ದೊಡ್ಡಕ್ಕನಿಗೆ ಕಂಡದ್ದು ಒಂಬತ್ತು. ಈ ಸೋಮವಾರ ಪ್ರೊಫೆಸರರೇ ಮೂರನೆಯ ಸಲ ನೋಡುವವರಿದ್ದರು.

"ಎಂಟು ತಿಂಗಳ ಹಿಂದೆ ಇಲ್ಲಿ ನೆಲ ಒರೆಸ್ತಿದ್ದವಳು," ಎಂದ ಪಂಡಿತ. "ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲ್ತು ನಲವತ್ತೊಂದು ಕಂಡ್ಳಂತೆ. ಫಿಲ್ಮೂ ಮಾಯವಾಯ್ತಂತೆ. ಚೆನ್ನಾಗಿದೆ!"

ಪ್ರೊಫೆಸರ್ ಚುರುಕಿಯ ಮುಖ ನೋಡಲಿಲ್ಲ. "ಶುಕ್ರವಾರದೊಳಗೆ ಸಿಗದಿದ್ರೆ ನಿನ್ನ ಎಣಿಕೆ ಹೊಡೆದುಹಾಕ್ಬೇಕಾಗತ್ತೆ ಕಣಮ್ಮ. ಆಮೇಲೆ ಮೇಜಿನಲ್ಲಿ ಕೂರಿಸೋಕೂ ಆಗಲ್ಲ."

ಚುರುಕಿ ಒದ್ದೆ ಕೈಯಲ್ಲೇ ಮಿಸ್ತ್ರಿ ಮಾಮನ ಬಳಿ ಹೋಗಿ, ಒಂದು ಬಟ್ಟೆ ಕಮ್ಮಿಯಾದದ್ದನ್ನೂ ಸೇರಿಸಿ ಎಲ್ಲ ಹೇಳಿದಳು. ಮೇಜುಗಳ ದೀಪ, ಹಲ್ಲಿನ ಚಕ್ರ ರಿಪೇರಿ ಮಾಡುತ್ತ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ಅವರ ವಾಸ. ಆ ಕಟ್ಟಡದಲ್ಲಿ ಏನು ಕಳೆದರೂ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಹಾಗೆ ಹುಡುಕಲು ಹೊರಟಾಗಲೆಲ್ಲ ಟಾರ್ಚು ಹಿಡಿಯುವವಳು ಚುರುಕಿ.

"ಅಳೋದಾದ್ರೆ ಆಮೇಲೆ ಅಳು. ಈಗ ಟಾರ್ಚು ತಗೋ," ಎಂದರು ಮಾಮ.

ಕಪಾಟಿನ ಬೀಗ ಸರಿಯಾಗಿಯೇ ಇತ್ತು. ಕೀಲಿ ಎಲ್ಲರಿಗೂ ಸಿಗುವಂತೆ ಮೊಳೆಯಲ್ಲಿ ತೂಗುತ್ತಿತ್ತು. ಮಾಮ ಒಂದೊಂದೇ ಡಬ್ಬಿ ಅಲ್ಲಾಡಿಸಿದರು. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರರ ಮುಚ್ಚಳ ಸಡಿಲ. ಒಳಗೆ ಫಿಲ್ಮಿನ ತುದಿಗೆ ಅಂಟಿಸುವ ಪಟ್ಟಿ ಕಿತ್ತುಬಂದಿತ್ತು. ಚಕ್ರದ ಹಲ್ಲು ಹೊಸದಾಗಿ ಕಚ್ಚಿದ ಗುರುತಿತ್ತು.

"ಕದ್ದವರು ಈ ಮೂರನ್ನೂ ಮೇಜಿಗೇರಿಸಿ ನೋಡಿದಾರೆ."

"ಯಾಕೆ ಮಾಮ? ಡಬ್ಬಿ ಮೇಲೇ ಸಂಖ್ಯೆ ಇದೆಯಲ್ಲ?" ಪೆನ್ಸಿಲಿನಲ್ಲಿ ಬರೆದ, ಇರುವೆ ಗಾತ್ರದ ಸಂಖ್ಯೆಗೆ ಅವಳು ಬೆಳಕು ಹಿಡಿದಳು.

"ಅದನ್ನೇ ನಾನೂ ಕೇಳ್ಕೊಳ್ತಿದೀನಿ."

ಮಾಮ ಪಂಡಿತನ ಬಳಿ ಹೋಗಿ ಮುಗ್ಧರಂತೆ ನಿಂತರು. "ಸಾರ್, ನೀವೇ ಒಂದು ಫಿಲ್ಮ್ ಏರಿಸಿ ತೋರಿಸ್ತೀರಾ?"

"ನಂಗೆ ಬರಲ್ಲಪ್ಪ. ಈ ಹೆಂಗಸರೇ ಏರಿಸಿಕೊಡ್ತಾರಲ್ಲ."

ಆಮೇಲೆ ಮಾಮ ಎರಡೂ ಎಣಿಕೆಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತರು. ಅತ್ತ ದೊಡ್ಡಕ್ಕ, ಬಾಗಿಲಿಗೆ ಅಂಟಿಸಿದ ನೋಟೀಸಿನ ಮುಂದೆ ನಿಂತು ಎಂದಿನಂತೆ ಕರೆದಳು: "ಚುರುಕಿ, ಬಾರೇ, ಜೋರಾಗಿ ಓದು. ನಿನ್ನ ಓದು ಎಲ್ಲಿಗೆ ಬಂತು ನೋಡೋಣ." ಚುರುಕಿ ಓದಿದಳು. ಮಾಮ ತಲೆಯೆತ್ತಿ ಇಬ್ಬರನ್ನೂ ನೋಡಿದರು. ಆ ಸಂಜೆ ಅವರು ಚಹಾ ಕುಡಿಯಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಒಂದನೆಯ ಮೇಜಿನ ಸುತ್ತ ಸೇರಿದರು.

"ಕದ್ದವರಿಗೆ ಫಿಲ್ಮ್ ಏರಿಸೋಕೆ ಬರತ್ತೆ," ಎಂದು ಮಾಮ ಶುರು ಮಾಡಿದರು. "ಹಾಗಾಗಿ ಪಂಡಿತರು ಅನುಮಾನದಿಂದ ಪಾರಾದ್ರು."

"ಬದುಕಿದೆ!" ಎಂದ ಪಂಡಿತ.

"ಡಬ್ಬಿಯ ಸಣ್ಣ ಸಂಖ್ಯೆ ಅವರಿಗೆ ಕಾಣಲ್ಲ. ಫಿಲ್ಮಿನ ಮೊದಲ ಚಿತ್ರದಲ್ಲೂ ಅದೇ ಸಂಖ್ಯೆ ಇರತ್ತೆ, ಮೇಜಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಬೀಳತ್ತೆ. ಅದಕ್ಕೇ ಒಂದೊಂದಾಗಿ ಏರಿಸಿ, ನಾಲ್ಕನೆಯದು ಸರಿ ಅಂತ ಗೊತ್ತುಮಾಡ್ಕೊಂಡ್ರು. ಚುರುಕಿಗೆ ಆ ಸಂಖ್ಯೆ ಟಾರ್ಚಿನ ಬೆಳಕಲ್ಲೇ ಕಾಣತ್ತೆ, ಅವಳು ಮೂರು ಡಬ್ಬಿ ಯಾಕೆ ಬಿಚ್ತಾಳೆ? ಇನ್ನು ಈ ಹಾಳೆಗಳು. ಚುರುಕಿ ಪ್ರತಿ ಜಾಡಿನ ಮುಂದೆ ದಪ್ಪ, ತೆಳು ಅಂತ ಬರೆದಿದಾಳೆ. ದಪ್ಪದ್ದು ಒಂಬತ್ತು, ತೆಳು ಮೂವತ್ತೆರಡು. ಇನ್ನೊಂದು ಹಾಳೆಯಲ್ಲಿರೋ ಒಂಬತ್ತೂ ಅವೇ ದಪ್ಪದವು, ಒಂದೂ ತಪ್ಪಿಲ್ಲ. ಇವಳು ಕಲ್ಪಿಸಿಕೊಂಡು ಬರೆದಿಲ್ಲ ಸಾರ್. ಅವರಿಗೆ ಕಂಡಿಲ್ಲ, ಅಷ್ಟೇ. ಮೂರನೆಯ ಸಲ ನೋಡಿದ್ರೆ ಅದು ಬಯಲಾಗ್ತಿತ್ತು."

ಚುರುಕಿ ಮಾಮನ ತೋಳು ಹಿಡಿದಳು. "ಬೇಡ ಮಾಮ, ಸಾಕು," ಎಂದಳು.

"ಒಂದು ಬಟ್ಟೆ ಕಮ್ಮಿ ಅಂದ್ಯಲ್ಲ? ಕದ್ದ ಫಿಲ್ಮಿಗೂ ಗೀರು ಬೀಳಬಾರದು ಅಂತ ಮಸೂರದ ಬಟ್ಟೆ ಸುತ್ತುವ ಕಳ್ಳರು ಈ ಊರಲ್ಲಿ ಒಬ್ಬರೇ ಇರೋದು."

ದೊಡ್ಡಕ್ಕ ಎದ್ದು ತನ್ನ ಮೇಜಿನ ಕೆಳಗಿನ ಖಾನೆ ಎಳೆದಳು. ಬಿಳಿ ಬಟ್ಟೆಯ ಗಂಟನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಮೇಜಿನ ಮೇಲಿಟ್ಟಳು.

"ಶನಿವಾರ ಎಲ್ಲರೂ ಹೋದ ಮೇಲೆ ತೆಗೆದೆ. ಸುಡೋಕೆ ಕೈ ಬರ್ಲಿಲ್ಲ. ನಿನ್ನ ತಲೆಗೆ ಬರತ್ತೆ ಅಂತ ಹೊಳೀಲಿಲ್ಲ ಅಂದ್ರೆ ಸುಳ್ಳಾಗತ್ತೆ ಕಣೇ. ಹೊಳೀತು. ಆದ್ರೂ ಬಾಯಿ ಬಿಡ್ಲಿಲ್ಲ."

ಚುರುಕಿ ಫಿಲ್ಮ್ ಏರಿಸಿದಳು, ಪ್ರೊಫೆಸರ್ ಎಣಿಸಿದರು. ಎರಡು ಗಂಟೆ ಹಿಡಿಯಿತು. "ನಲವತ್ತು... ನಲವತ್ತೊಂದು." ಕನ್ನಡಕ ತೆಗೆದು ಚುರುಕಿಗೆ ಕೈಮುಗಿದರು. ಪಂಡಿತ ಮೇಜಿನ ಮೇಲೆ ಬಗ್ಗಿಯೇ ಇದ್ದ. "ಕಲ್ಲಿದೆ ಅನ್ಸತ್ತೆ," ಎಂದು ಗೊಣಗಿದ.

ಚುರುಕಿಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಈ ಮೇಜಿನ ಮುಂದೆಯೇ, ಪೊರಕೆ ಹಿಡಿದಿದ್ದ ಅವಳ ಕೈಗೆ ಪೆನ್ಸಿಲು ಕೊಟ್ಟು, "ನಿನಗೇನು ಕಾಣತ್ತೆ, ಹೇಳು," ಎಂದು ಮೊದಲು ಕೇಳಿದವಳೂ ದೊಡ್ಡಕ್ಕನೇ.

"ಕಣ್ಣಿನ ವಿಷ್ಯ ಯಾರಿಗಾದ್ರೂ ಹೇಳ್ಬಾರದಿತ್ತಾ ಅಕ್ಕ?"

ದೊಡ್ಡಕ್ಕ ಖಾನೆಯ ಮೂಲೆಯಿಂದ ಒಂದು ಲಕೋಟೆ ತೆಗೆದಳು. ಅಂಚೆಚೀಟಿ ಅಂಟಿಸಿತ್ತು, ಬಾಯಿ ಮಾತ್ರ ತೆರೆದಿತ್ತು. "ಹೇಳಿದೀನಿ. ಎಂಟು ತಿಂಗಳಾಯ್ತು ಬರೆದು. ಜೋರಾಗಿ ಓದು."

ಪತ್ರ ಪ್ರಧಾನ ಕಚೇರಿಗೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಕೆಲಸದಿಂದ ಬಿಡುಗಡೆ ಕೊಡಿ. ಒಂದನೆಯ ಮೇಜಿಗೆ ಈ ಕೋಣೆ ಗುಡಿಸುವವಳನ್ನೇ ಕಾಯಂ ಮಾಡಿ, ನಾನು ಕಂಡದ್ದರಲ್ಲಿ ಅಂಥ ಕಣ್ಣು ಬೇರೊಂದಿಲ್ಲ, ಎಂದಿತ್ತು. ಕೊನೆಯ ಸಾಲನ್ನು ಚುರುಕಿ ಎರಡು ಸಲ ಓದಿದಳು.

"ಕಳಿಸಿದ್ರೆ ಮಾರನೇ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅನ್ನಿಸ್ತು," ಎಂದಳು ದೊಡ್ಡಕ್ಕ. "ಈ ಕೋಣೆ ಬಿಟ್ರೆ ನಂಗೇನು ಗೊತ್ತು?"

"ನಾನೇ ತಲುಪಿಸ್ತೀನಿ, ಕೊಡಿ," ಎಂದು ಪ್ರೊಫೆಸರ್ ಕೈ ಚಾಚಿದರು.

"ಬೇಡಿ ಸಾರ್. ಇದನ್ನ ನಾನೇ ಹಾಕ್ಬೇಕು. ಮೊದ್ಲು ಇನ್ನೊಂದು ಸಾಲು ಸೇರಿಸ್ಬೇಕು. ಬರ್ಕೊಳೇ: ಮೂವತ್ತೇಳನೆಯ ಸುರುಳಿ ಬಚ್ಚಿಟ್ಟವಳು ನಾನೇ."

ಚುರುಕಿ ಬರೆದಳು. ದೊಡ್ಡಕ್ಕ ತಡವಿ ಸಹಿ ಹಾಕಿ, ಲಕೋಟೆಯ ಬಾಯಿ ಅಂಟಿಸಿದಳು.

ಇಬ್ಬರೂ ಬೀದಿಯ ತಿರುವಿನ ಅಂಚೆಪೆಟ್ಟಿಗೆಯವರೆಗೆ ನಡೆದರು. ಬಿಸಿಲಿಗೆ ದೊಡ್ಡಕ್ಕ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಚುರುಕಿ ಕೈ ಹಿಡಿಯಲು ಹೋದರೆ ಕೊಡವಿಕೊಂಡು, ತಗಡಿನ ಮೇಲೆ ಬೆರಳಾಡಿಸಿ ಸೀಳನ್ನು ತಾನೇ ಹುಡುಕಿ ಲಕೋಟೆ ತೂರಿಸಿದಳು.

"ಬಿತ್ತಾ ನೋಡೇ."

ಚುರುಕಿ ಬಗ್ಗಿ ನೋಡಿದಳು. "ಬಿತ್ತು ಅಕ್ಕ."