ಗಲ್ಲದ ಕೆಳಗಿನ ಅಂಗೈ

ಮಳೆ ನಿಂತಿತ್ತು, ಚಳಿ ಇನ್ನೂ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತು.

ಮಹಡಿ ಮೇಲಿನ ಫ್ರೆಂಚ್ ತರಗತಿಗೆ ನರ್ಸಮ್ಮ ಏದುಸಿರು ಬಿಡುತ್ತಾ ಬಂದಳು. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಆ ಭಾಷೆ ಬಾರದೆ ಹೋಗುವಂತಿರಲಿಲ್ಲ.

"ತಡವಾಗಿ ಬಂದೋರೇ ಮೊದಲು ಓದಬೇಕು!"

ಅವಳು ಬೆಚ್ಚಿದಳು. ಮೇಷ್ಟ್ರು ಅಂದರೆ ಮುದುಕ ಅಂದುಕೊಂಡಿದ್ದಳು. ಇವನು ನೋಡಿದರೆ...

ಹಲಗೆಯ ಮೇಲೆ ಒಂದೇ ಕ್ರಿಯಾಪದ. 'ಮಾತಾಡುತ್ತೇವೆ, ಮುಂದೆ' ಅಂತ ಅರ್ಥವಂತೆ.

"ಪರ್ಲೆರೋನ್ಸ್!" ಬರೆದಿದ್ದಂತೆಯೇ ಓದಿದಳು.

ತರಗತಿಯೆಲ್ಲ ನಕ್ಕಿತು.

"ಹಾಗೆ ಒಂದೇ ಗುಟುಕಿಗೆ ನುಂಗಬೇಡ್ರೀ, ತುಂಡು ಮಾಡಿ. ಗಲ್ಲದ ಕೆಳಗೆ ಅಂಗೈ ಇಟ್ಕೊಳ್ಳಿ. ಗಲ್ಲ ಎಷ್ಟು ಸಲ ತಾಗುತ್ತೋ ಅಷ್ಟು ತುಂಡು. ಪಾರ್... ಲ... ರೋಂ. ಕೊನೆಯ ಅಕ್ಷರ ಬರೀತಾರೆ, ಹೇಳಲ್ಲ."

"ಹೇಳದಿದ್ದ ಮೇಲೆ ಬರೆಯೋದ್ಯಾಕೆ ಮೇಷ್ಟ್ರೇ?"

"ಎಲ್ಲಾನೂ ಬಾಯಿಬಿಟ್ಟು ಹೇಳೋಕಾಗುತ್ತಾ?"

ಅವಳು ಆ ಕೊನೆಯ ಅಕ್ಷರದ ಕೆಳಗೆ ಗೆರೆ ಎಳೆದುಕೊಂಡಳು.

ಚಳಿ ಬಲಿಯುವಷ್ಟರಲ್ಲಿ ಮನಸ್ಸು ಅವಳ ಕೈಮೀರಿತ್ತು. ಒಂದು ಮಧ್ಯಾಹ್ನ ಪಾಠದ ಅನುಮಾನ ಕೇಳುವ ನೆವದಲ್ಲಿ ಅವನ ಮನೆಗೇ ಹೋದಳು. ಬಾಗಿಲು ಅರೆ ತೆರೆದಿತ್ತು.

ಒಳಗೆ ಯಾರೋ ಹೆಂಗಸು, ಬೆನ್ನು ಮಾಡಿ ಕೂತಿದ್ದಾಳೆ. ಅವಳ ಗಲ್ಲದ ಕೆಳಗೆ ಅವನ ಅಂಗೈ! ಇನ್ನೊಂದು ಕೈಯಿಂದ ಅವಳ ಕಣ್ಣೊರೆಸುತ್ತಿದ್ದಾನೆ!

'ಅಯ್ಯೋ... ಇವನಿಗೆ ಮದುವೆಯಾಗಿದೆಯಾ?'

ಬಂದ ದಾರಿಯಲ್ಲೇ ತಿರುಗಿದಳು. ಮತ್ತೆ ತರಗತಿಯ ಮೆಟ್ಟಿಲು ತುಳಿಯಲಿಲ್ಲ. ಹೊರದೇಶದ ಆಸ್ಪತ್ರೆಯವರು ವಿಮಾನದ ಟಿಕೆಟ್ ಕಳಿಸಿದರು.

ಕೊನೆಗೆ ಅವಳು ಕೆಲಸ ಮಾಡುತ್ತಿದ್ದ ವಾರ್ಡಿಗೆ ಅವನೇ ಹುಡುಕಿಕೊಂಡು ಬಂದ.

"ಯಾಕ್ರೀ ಪಾಠಕ್ಕೆ ಬರ್ತಿಲ್ಲ?"

"ನಿಮ್ಮ ಹೆಂಡತಿಗೇ ಕಲಿಸ್ಕೊಳ್ಳಿ!"

ಹಾಸಿಗೆಗಳ ಮೇಲಿನ ತಲೆಗಳೆಲ್ಲ ಇತ್ತ ತಿರುಗಿದವು.

"ಹೆಂಡತಿನಾ? ಯಾವ ಹೆಂಡತಿ?"

"ಮನೇಲಿ ಗಲ್ಲ ಹಿಡ್ಕೊಂಡು ಕೂತಿದ್ರಲ್ಲ, ಅವಳು!"

"ಅದು... ನಮ್ಮಕ್ಕ ಕಣ್ರೀ. ಲಕ್ವ ಹೊಡೆದು ಮಾತು ನಿಂತುಹೋಯ್ತು. ನಿಮಗೆ ಕ್ರಿಯಾಪದ ಹೇಳಿಸಿದ ಹಾಗೇ ಅವಳಿಗೂ ಒಂದೊಂದು ತುಂಡು ಹೇಳಿಸ್ತಿದ್ದೆ. ಅವತ್ತು ಮೊದಲ ಸಲ 'ತಮ್ಮ' ಅಂದ್ಲು. ಅದಕ್ಕೇ ಅತ್ತಳು."

ದಿನ ಬೆಳಗಾದರೆ ಲಕ್ವ ಹೊಡೆದವರನ್ನೇ ನೋಡಿಕೊಳ್ಳುವವಳು ತಾನು! ತನಗೇ ಗೊತ್ತಾಗಲಿಲ್ಲವಲ್ಲ!

"ನರ್ಸು ನೀವು. ಅಕ್ಕನ ಇಳಿಬಿದ್ದ ಭುಜವೂ ಕಾಣಲಿಲ್ವಾ?"

"ನಿಮ್ಮ ಕೈಯೊಂದೇ ಕಂಡಿದ್ದು... ಇನ್ನೊಬ್ಬಳ ಗಲ್ಲದ ಕೆಳಗೆ ಇತ್ತಲ್ಲ. ತಡ್ಕೊಳ್ಳೋಕಾಗಲಿಲ್ಲ."

ಹೇಳಿಬಿಟ್ಟ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಮೂಲೆಯ ಹಾಸಿಗೆಯ ತಾತ ಕೆಮ್ಮಿದರು. "ನರ್ಸಮ್ಮಾ, ನನ್ನ ಇಂಜೆಕ್ಷನ್ನಿಗೇನೂ ಅವಸರವಿಲ್ಲ. ಮುಂದುವರಿಸಿ."

ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಹೋಗಲೇಬೇಕಾ?"

"ಕೆಲಸ ಒಪ್ಕೊಂಡಾಗಿದೆ..."

"ಅಕ್ಕ ಎದ್ದು ಓಡಾಡೋ ಹಾಗಾಗಲಿ, ನಾನೂ ಬರ್ತೀನಿ. ಕಾಯ್ತೀಯಾ?"

ಮೊದಲ ಸಲ ಏಕವಚನ!

"ಕಾಯದೆ ಏನ್ಮಾಡ್ಲಿ... ಬೇಗ ಬಾ."

ಭಾನುವಾರ ಬೆಳಿಗ್ಗೆ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವನು ವಿಮಾನ ನಿಲ್ದಾಣಕ್ಕೆ ಬೀಳ್ಕೊಡಲು ಬಂದ. ನರ್ಸಮ್ಮ ಹೊರಟಳು.