ಐದನೇ ತಾರೀಖು ದಾಟಿದ ಬಾಡಿಗೆ

"ಐದನೇ ತಾರೀಖು ದಾಟಿಸಬ್ಯಾಡ," ಎಂದಳು ಜಯಶ್ರೀ. "ಆ ಮನ್ಯಾಗ ದಂಡ ಬರೇ ರೊಕ್ಕದಾಗ ತಗೊಳ್ಳಂಗಿಲ್ಲ."

ಅಕ್ಷಿತಾ ನಕ್ಕುಬಿಟ್ಟಳು. ಕುರುಗೋಡಿನ ಖಾಸಗಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಲು ಸಿರುಗುಪ್ಪದಿಂದ ಬಂದು ಅವಳಿಗೆ ಆಗಿನ್ನೂ ಒಂದು ವಾರ. ಮರಿಬಸಪ್ಪನ ಮನೆಯ ಮಾಳಿಗೆ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು ಹೊರಟಿದ್ದ ಜಯಶ್ರೀ ಅದೇ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿ. ಅವಳಿಗಿಂತ ಮೊದಲು ಅಲ್ಲಿದ್ದ ವೀರಭದ್ರ ಎಂಬವನು ಬಾಡಿಗೆ ತಡಮಾಡುತ್ತ ಮಾಡುತ್ತ ಕಾಲಿನ ಶಕ್ತಿ ಕಳೆದುಕೊಂಡನಂತೆ. ಕೊನೆಗೆ ಹೊತ್ತುಕೊಂಡೇ ಕೆಳಗಿಳಿಸಿದರಂತೆ. ಅದೇ ವಾರ ಮರಿಬಸಪ್ಪ ಊರುಗೋಲು ಬಿಸಾಡಿ ಬಸವೇಶ್ವರನ ಗುಡಿಯತನಕ ನಡೆದುಹೋದನಂತೆ. ವಿಜ್ಞಾನ ಓದಿದವಳ ಬಾಯಲ್ಲಿ ಎಂಥ ಮಾತು ಎಂದು ಅಕ್ಷಿತಾ ಹಂಗಿಸಿದಳು. ಜಯಶ್ರೀ ವಾದಿಸಲಿಲ್ಲ. ತಾನು ಒಮ್ಮೆಯೂ ತಡಮಾಡಲಿಲ್ಲ, ಅದಕ್ಕೇ ಉಳಿದೆ ಎಂದಷ್ಟೇ ಹೇಳಿ ಕೀಲಿ ಕೊಟ್ಟು ಹೋದಳು.

ಕೆಳಗಿನ ಮನೆಯಲ್ಲಿ ಮರಿಬಸಪ್ಪ ಮತ್ತು ಅವನ ಹೆಂಡತಿ ಕೊಟ್ರಬಸಮ್ಮ ಇಬ್ಬರೇ. ಲಕ್ವಾ ಹೊಡೆದು ಮಾತು ಬಿದ್ದುಹೋಗಿದ್ದ ಆ ಮುದುಕಿ ದಿನವಿಡೀ ಪಡಸಾಲೆಯ ಕತ್ತಲಲ್ಲಿ ಕೂತಿರುತ್ತಿದ್ದಳು. ಅಕ್ಷಿತಾ ಮೆಟ್ಟಿಲಿಳಿಯುವಾಗ ಆಕೆ ಮುಖ ನೋಡುತ್ತಿರಲಿಲ್ಲ. ಗಂಟಲು ನೋಡುತ್ತಿದ್ದಳು.

ಎರಡನೇ ತಿಂಗಳೇ ಕಾಲೇಜಿನ ಸಂಬಳ ತಡವಾಯಿತು, ಬಾಡಿಗೆಯೂ ತಡವಾಯಿತು. ಪೂರ್ತಿ ಬಾಡಿಗೆ ಕೊಡಲು ಹೋದವಳಿಗೆ ಮರಿಬಸಪ್ಪ ತಣ್ಣಗೆ ವಿವರಿಸಿದ. ದಿನಕ್ಕಿಷ್ಟು ದಂಡವೆಂದು ಕರಾರಿನಲ್ಲಿದೆ. ಕೊಟ್ಟ ಹಣ ಮೊದಲು ದಂಡಕ್ಕೆ ಜಮೆ, ಮಿಕ್ಕಿದ್ದು ಬಾಡಿಗೆಗೆ. ಹಾಗಾಗಿ ಬಾಡಿಗೆ ಇನ್ನೂ ಪೂರ್ತಿ ಬಂದಂತಾಗಲಿಲ್ಲ. ಬಾರದ ಭಾಗಕ್ಕೆ ನಾಳೆಯಿಂದ ಮತ್ತೆ ದಂಡ. ಬಡ್ಡಿಯ ಲೆಕ್ಕ ಕಲಿಸುವ ಅಕ್ಷಿತಾ ಆ ಕರಾರನ್ನು ಓದದೆ ಸಹಿ ಮಾಡಿದ್ದಳು. ಬರುವ ತಿಂಗಳು ಸರಿಮಾಡುತ್ತೇನೆ ಎಂದಳು.

"ಅವಸರ ಇಲ್ಲವ್ವ," ಎಂದ ಮರಿಬಸಪ್ಪ. "ಬೆಳೀಲಿ. ಬೆಳದಷ್ಟು ಚಲೋ."

ಮರುದಿನ ಬೆಳಿಗ್ಗೆ ಕೋಣೆಯ ತುಂಬ ಸುಟ್ಟ ಮೆಣಸಿನಕಾಯಿಯ ಘಾಟು. ಅದರೊಳಗೆ ಕೂದಲು ಸುಟ್ಟ ವಾಸನೆ. ಹೊಸ್ತಿಲ ಮೇಲೆ ಹೋಳು ಮಾಡಿದ ನಿಂಬೆಹಣ್ಣು, ಕುಂಕುಮ. ಮುದುಕಿಗೆ ದೃಷ್ಟಿ ತೆಗೆದಿರಬೇಕು ಎಂದುಕೊಂಡಳು. ಆದರೆ ಬಾಚಣಿಗೆಯಲ್ಲಿ ಸುತ್ತಿಕೊಂಡಿದ್ದ ಅಕ್ಷಿತಾಳ ಕೂದಲನ್ನು ಯಾರೋ ಎಳೆ ಬಿಡದೆ ಬಿಡಿಸಿಕೊಂಡಿದ್ದರು. ಕೋಣೆಗೆ ಇನ್ನೊಂದು ಕೀಲಿ ಇದೆಯೇ? ಕೇಳಲು ಧೈರ್ಯ ಬರಲಿಲ್ಲ. ಅಂದೇ ಪಾಠದ ನಡುವೆ ದನಿ ಒಡೆಯಿತು.

ಸೀಮೆಸುಣ್ಣದ ಧೂಳು ಎಂದುಕೊಂಡಳು. ಆಮೇಲೆ ಬಿಸಿಲು, ನೀರು, ಕಾಲೇಜಿನ ಹಳೇ ಕೂಲರ್, ಎಲ್ಲವನ್ನೂ ಅನುಮಾನಿಸಿದಳು. ಬಳ್ಳಾರಿಯ ವೈದ್ಯರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಇಲ್ಲ ಎಂದರು. ಅವಳು ಕೊಟ್ಟದ್ದನ್ನೆಲ್ಲ ದಂಡವೇ ನುಂಗುತ್ತಿತ್ತು, ಬಾಡಿಗೆ ಹಾಗೇ ಉಳಿಯುತ್ತಿತ್ತು. ದಂಡ ಬೆಳೆದಂತೆ ದನಿ ಸಣ್ಣದಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿದು ಅವಳನ್ನು ಓದಿಸಿದ ತಾಯಿ ಸುಂಕಲಮ್ಮ, ಫೋನಿನಲ್ಲಿ ಮಗಳ ಮಾತು ಕೇಳಿಸದೆ ದಿನವೂ ಗಾಬರಿಯಾಗುತ್ತಿದ್ದಳು. ದನಿ ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪ್ರಾಂಶುಪಾಲರು ಹೇಳಿದರು.

ಒಂದು ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತ ಮೌನದಲ್ಲಿ ಕೆಳಗಿನಿಂದ ಯಾರೋ ಮಾತು ಕಲಿಯುವ ಸದ್ದು ಬಂತು. ನೀ... ನೀರು. ಬಾ... ಬಾಡಗಿ. ಎಳೆಯ ದನಿ. ಆ ದನಿ ಅಕ್ಷಿತಾಳದು.

ತನ್ನ ಪಾಠ ಕದ್ದು ರೆಕಾರ್ಡ್ ಮಾಡಿಕೊಂಡು ಹೆದರಿಸುತ್ತಿದ್ದಾರೆ ಎಂದೇ ನಂಬಿದಳು. ಹಿಡಿದುಹಾಕಬೇಕೆಂದು ಫೋನ್ ಹಿಡಿದು ಇಳಿದಳು. ಪಡಸಾಲೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಎಣ್ಣೆಕಮಟು, ಕರ್ಪೂರದ ಹೊಗೆ. ಕೊಟ್ರಬಸಮ್ಮನ ಮಡಿಲಲ್ಲಿ ಒಂದು ಬಟ್ಟೆಯ ಬೊಂಬೆ. ಅದರ ಕತ್ತಿನ ಸುತ್ತ ಉದ್ದನೆಯ ಕೂದಲು. ಗಂಟಲಲ್ಲಿ ಜಾಲಿಮುಳ್ಳು. ಒಂದಲ್ಲ. ಸಾಲಾಗಿ.

ಮುದುಕಿ ತಲೆಯೆತ್ತಿದಳು. ಸೊಟ್ಟ ಬಾಯಿ ತೆರೆಯಿತು.

"ಬಾ ಅಕ್ಷಿತಾ. ಕೂಡು."

ಅಕ್ಷಿತಾ ಕಿರುಚಿದಳು. ಸದ್ದು ಬರಲಿಲ್ಲ. ಮತ್ತೆ ಕಿರುಚಿದಳು. ಬರೀ ಗಾಳಿ. ಮುದುಕಿ ನಕ್ಕಳು, ಅಕ್ಷಿತಾಳದೇ ನಗು.

ಹಿಂದೆ ಬಾಗಿಲು ಮುಚ್ಚಿದ ಸದ್ದು. ಮರಿಬಸಪ್ಪ ನಿಂತಿದ್ದ. ಕೈಯಲ್ಲಿ ಇನ್ನೊಂದು ಮುಳ್ಳು.

"ದಂಡ ಮುಟ್ಟಿತವ್ವ," ಎಂದ. "ಇನ್ನ ಬಾಡಗಿ ಉಳೀತು."

ಅವಳನ್ನು ದಾಟಿ ಹೋಗಿ ಮುದುಕಿಯ ಮಡಿಲಿಗೆ ಬಾಗಿದ. ಮುಳ್ಳಿನ ತುದಿ ಬೊಂಬೆಯ ಎದೆಗೆ ತಾಗಿತು. ಅಕ್ಷಿತಾಳ ಉಸಿರು ಕಟ್ಟಿತು. ಎದೆಯ ಮೇಲೆ ಕಲ್ಲು. ಕಣ್ಣಿಗೆ ಕತ್ತಲೆ. ಫೋನ್ ಜಾರಿ ಬಿತ್ತು. ಅವಳು ಮೈಯೆಲ್ಲ ಒಟ್ಟುಮಾಡಿ ಅವನ ಮೇಲೆ ಬಿದ್ದಳು. ಮುದುಕ ಉರುಳಿದ. ಚಿಲಕ. ಬಿಸಿಲು. ಬರಿಗಾಲು. ಬೀದಿ. ಹೊರಟಿದ್ದ ಬಸ್ಸಿನ ಕಂಬಿ ಕೈಗೆ ಸಿಕ್ಕಿತು. ಊರು ದಾಟಿದ ಮೇಲೆ ಎದೆ ಸಡಿಲವಾಯಿತು.

ದನಿ ಮಾತ್ರ ಬರಲಿಲ್ಲ. ಸುಂಕಲಮ್ಮ ಮಗಳನ್ನು ಆಸ್ಪತ್ರೆಗೂ ದರ್ಗಾಕ್ಕೂ ಕರೆದೊಯ್ದಳು. ನಡೆದದ್ದನ್ನೆಲ್ಲ ಅಕ್ಷಿತಾ ಬರೆದು ತೋರಿಸಿದಳು, ಕಾಲೇಜಿನ ಕೆಲಸ ಬಿಟ್ಟಳು. ತಿಂಗಳುಗಳು ಕಳೆದವು.

ಒಂದು ಸಂಜೆ ಸುಂಕಲಮ್ಮನ ಫೋನ್ ಹೊಡೆದುಕೊಂಡಿತು. ತೆರೆಯ ಮೇಲೆ ಅಕ್ಷಿತಾಳ ಹೆಸರು. ಅಕ್ಷಿತಾ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

"ಅವ್ವಾ," ಎಂದಿತು ಆ ದನಿ. "ನಾನು. ಬಾಡಗಿ ಇನ್ನೂ ಬಾಕಿ ಐತಿ."

ಅಕ್ಷಿತಾ ಮೊರ ಬಿಸಾಡಿ ಎದ್ದಳು. ಬೇಡ ಬೇಡ ಎಂದು ತಲೆಯಾಡಿಸಿದಳು, ಫೋನ್ ಕಿತ್ತುಕೊಳ್ಳಲು ಕೈ ಹಾಕಿದಳು. ಸುಂಕಲಮ್ಮ ಕೊಡಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಮಗಳತ್ತ ಬೆನ್ನು ತಿರುಗಿಸಿ, ಬಹಳ ಮೆಲ್ಲಗೆ ಕೇಳಿದಳು:

"ಉಂಡಿಯೇನವ್ವಾ?"