ಐವತ್ತನೇ ಪುಟದ ತ್ರಿಕೋನ

ಹದಿನೈದನೇ ತಾರೀಕು, ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಲೈಬ್ರರಿಯವರು ಠಾಣೆಗೆ ಬಂದು ಒಂದು ದಪ್ಪ ಕಾದಂಬರಿಯನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟರು. ಮೂವತ್ತು ವರ್ಷದಿಂದ ಬಾಡಿಗೆಗೆ ಪುಸ್ತಕ ಕೊಡುತ್ತ ಬಂದ ಮನುಷ್ಯ ಅವರು. ಠಾಣೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಸಾರ್, ಕಂಪ್ಲೇಂಟ್ ಬರ್ಕೊಳ್ಳಿ. ಲೆಕ್ಕದ ಮೇಡಂ ಆತ್ಮಹತ್ಯೆ ಮಾಡ್ಕೊಂಡಿಲ್ಲ."

ಇನ್‌ಸ್ಪೆಕ್ಟರ್ ಕಣ್ಣು ಮೊದಲು ಹೋದದ್ದು ಪುಸ್ತಕದ ಮೇಲೆ. ಕೊಲೆಗಾರರ ಬೆನ್ನು ಬೀಳುವ ಇಬ್ಬರು ಪತ್ತೇದಾರರ ಸರಣಿ. ಇದು ಹದಿನಾಲ್ಕನೆಯದು, ಕೊನೆಯದು. ಅವರು ಹನ್ನೊಂದು ಓದಿ ಮುಗಿಸಿದ್ದರು, ಇದಕ್ಕಾಗಿ ಕಾಯುವವರ ಸಾಲಿನಲ್ಲಿ ಐದನೆಯವರಾಗಿದ್ದರು. ಹಗಲೆಲ್ಲ ಹೆಣ ನೋಡಿ ಮನೆಗೆ ಹೋಗಿ ಮತ್ತೆ ಹೆಣವನ್ನೇ ಓದುತ್ತಾರೆ ಎಂದು ಠಾಣೆಯಲ್ಲಿ ನಗುವವರಿದ್ದರು. ಆ ಪತ್ತೇದಾರರು ಹದಿನಾಲ್ಕು ಪುಸ್ತಕದಲ್ಲಿ ಒಂದೇ ಒಂದು ಪಂಚನಾಮೆ ಬರೆದಿಲ್ಲ ನೋಡಿ, ಅದಕ್ಕೇ ಇಷ್ಟ ಎಂದು ಇನ್‌ಸ್ಪೆಕ್ಟರ್ ಉತ್ತರ ಕೊಡುತ್ತಿದ್ದರು.

ಲೆಕ್ಕದ ಮೇಡಂ ಎಂದರೆ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಂಬತ್ತನೇ ತಾರೀಕು, ಮಂಗಳವಾರ ಸಂಜೆ ಆರಕ್ಕೆ ಮನೆಯವರು ನೋಡಿದಾಗ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಸತ್ತಿದ್ದರು. ಪಕ್ಕದಲ್ಲಿ ನಿದ್ದೆ ಮಾತ್ರೆಯ ಖಾಲಿ ಪಟ್ಟಿಗಳು. ಬೆಳಗ್ಗೆ ಟೆರೇಸಿನಲ್ಲಿ ಬಟ್ಟೆ ಒಣಗಿಸುವ ವಿಷಯಕ್ಕೆ ಸೊಸೆಯ ಜೊತೆ ಜೋರು ಜಗಳವಾಗಿತ್ತು. ಇಡೀ ಬೀದಿ ಕೇಳಿಸಿಕೊಂಡಿತ್ತು. ಸೊಸೆ ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ, ಮಾತ್ರೆ ಬಂದದ್ದೂ ಅಲ್ಲಿಂದಲೇ. ಹೀಗಾಗಿ ಮೇಡಂ ಅವರ ಅಣ್ಣ ಠಾಣೆಗೆ ದಿನಕ್ಕೆರಡು ಸಲ ಬಂದು, ಸೊಸೆಯ ಮೇಲೆ ಆತ್ಮಹತ್ಯೆಗೆ ಪ್ರಚೋದನೆಯ ಕೇಸು ಹಾಕಿ ಎಂದು ಕೂರುತ್ತಿದ್ದರು. ಬುಧವಾರದೊಳಗೆ ತೀರ್ಮಾನವಾಗಬೇಕು ಎಂದು ಮೇಲಿನವರ ಫೋನೂ ಬಂದಿತ್ತು. ಕಾಗದ ಅರ್ಧ ತಯಾರಾಗಿತ್ತು. ಆ ಹುಡುಗಿಗೆ ಬುಧವಾರ ಸಂಜೆಗೆ ಲಾಕಪ್ ಖಾಯಂ ಎನ್ನುವ ಹಾಗಿತ್ತು.

"ಯಾಕೆ ಹಾಗಂತೀರಿ?"

"ಮೇಡಂ ಪುಸ್ತಕ ಅರ್ಧಕ್ಕೆ ಬಿಟ್ಟೋರಲ್ಲ ಸಾರ್. ಅವತ್ತು ಮೂರು ನಲವತ್ತಕ್ಕೆ ಫೋನ್ ಮಾಡಿದ್ರು. ಇನ್ನು ನಲವತ್ತು ಪುಟ ಇದೆ, ನಾಳೆ ವಾಪಸ್ ಕೊಡ್ತೀನಿ ಅಂದ್ರು. ಇದಕ್ಕೋಸ್ಕರ ಐದು ತಿಂಗಳು ಕಾದೋರು, ನಲವತ್ತು ಪುಟ ಇಟ್ಕೊಂಡು ಸಾಯ್ತಾರಾ?"

"ದುಃಖ ಪುಟ ಎಣಿಸಲ್ಲ ಸ್ವಾಮಿ."

"ಸರಿ. ಆದ್ರೆ ಇದನ್ನ ನೋಡಿ."

ಲೈಬ್ರರಿಯವರು ಐವತ್ತನೇ ಪುಟ ತೆರೆದರು. ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನವಿತ್ತು. ಲೈಬ್ರರಿಯ ಹಳೆಯ ಓದುಗರಿಗೆ ಒಂದು ಅಭ್ಯಾಸ: ಓದಿದ ಪುಸ್ತಕವನ್ನೇ ಮರೆತು ಮತ್ತೆ ತರಬಾರದೆಂದು, ಮುಗಿಸಿದ ಮೇಲೆ ತಮ್ಮದೇ ಒಂದು ಪುಟದಲ್ಲಿ ತಮ್ಮದೇ ಒಂದು ಗುರುತು ಹಾಕುತ್ತಾರೆ. ಒಬ್ಬರದು ಚುಕ್ಕಿ, ಒಬ್ಬರದು ಮೀನು, ಒಬ್ಬರದು ಛತ್ರಿ. ಮೇಡಂ ಅವರದು ತ್ರಿಕೋನ.

"ಶುಕ್ರವಾರ ನಾನು ಅವರ ಮನೆಗೆ ಮಾತಾಡಿಸೋಕೆ ಹೋಗಿದ್ದೆ. ಎಲ್ಲರ ಮುಂದೆ ಇದೇ ಮಾತು ಹೇಳ್ದೆ, ಪುಸ್ತಕ ಮುಗಿಸದೆ ಹೋಗೋರಲ್ಲ ಅಂತ. ಶನಿವಾರ ಬೆಳಗ್ಗೆ ನಮ್ಮ ವಾಪಸಾತಿ ಪೆಟ್ಟಿಗೇಲಿ ಪುಸ್ತಕ ಬಿದ್ದಿತ್ತು. ಮುಗಿಸಿದ ಗುರುತಿನ ಸಮೇತ."

"ಅಂದ್ರೆ ಮುಗಿಸಿದ್ರು."

"ಇಲ್ಲ ಸಾರ್. ಮೇಡಂ ಲೆಕ್ಕದೋರು. ಅವರ ಗುರುತು ಒಂಬತ್ತರ ಮಗ್ಗಿ ಹಿಡಿದು ಹೋಗುತ್ತೆ. ಒಂದನೇ ಪುಸ್ತಕಕ್ಕೆ ಒಂಬತ್ತನೇ ಪುಟ, ಎರಡಕ್ಕೆ ಹದಿನೆಂಟು. ಹದಿನಾಲ್ಕಕ್ಕೆ ನೂರ ಇಪ್ಪತ್ತಾರರಲ್ಲಿ ಇರ್ಬೇಕಿತ್ತು. ಅಲ್ಲಿ ಏನೂ ಇಲ್ಲ."

ಇನ್‌ಸ್ಪೆಕ್ಟರ್ ಬೆನ್ನು ನೇರ ಮಾಡಿ ಕುಳಿತರು. "ಟೇಪಣ್ಣನ ಕರೀರಿ" ಎಂದರು.

ಟೇಪಣ್ಣ ಎಂದರೆ ಹೆಡ್ ಕಾನ್‌ಸ್ಟೇಬಲ್. ಜೇಬಿನಲ್ಲಿ ಸದಾ ಅಳತೆ ಟೇಪು ಇಟ್ಟುಕೊಂಡು, ಪಂಚನಾಮೆಗೆ ಹೋದಲ್ಲಿ ಬಾಗಿಲಿನಿಂದ ಬಕೆಟ್ಟಿನವರೆಗೆ ಎಲ್ಲವನ್ನೂ ಅಳೆದು ಬರೆಯುವ ಆಸಾಮಿ. ಮೇಡಂ ಮನೆಯ ಪಂಚನಾಮೆ ಹನ್ನೊಂದು ಪುಟವಾದಾಗ, ಇದೇನು ನೀನೂ ಕಾದಂಬರಿ ಬರೀತಿದ್ದೀಯಾ ಎಂದು ಇನ್‌ಸ್ಪೆಕ್ಟರ್ ಬೈದಿದ್ದರು. ಈಗ ಅದೇ ಹನ್ನೊಂದು ಪುಟವನ್ನು ಅವರೇ ತಿರುವಿ ಹಾಕಿದರು. ಏಳನೇ ಪುಟದಲ್ಲಿ ಸಿಕ್ಕಿತು:

"ಕುರ್ಚಿಯ ಎಡಗೈ ಮೇಲೆ ಮುಚ್ಚಿಟ್ಟ ಕಾದಂಬರಿ ಒಂದು, ಸರಣಿಯ 14ನೆಯದು, ಒಟ್ಟು 312 ಪುಟ. 271ನೇ ಪುಟದಲ್ಲಿ ಮಡಚಿದ ಬಸ್ ಟಿಕೆಟ್. ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಲಾಗಿ ಚೀಟಿ, ಪತ್ರ ಇತ್ಯಾದಿ ಇರುವುದಿಲ್ಲ. 9, 14, 38 ಮತ್ತು 77ನೇ ಪುಟಗಳಲ್ಲಿ ಪೆನ್ಸಿಲ್ ಗುರುತುಗಳಿವೆ. ಸಮಯ 19.15."

"ಟೇಪಣ್ಣ, ಐವತ್ತರಲ್ಲಿ?"

"ಇದ್ದಿದ್ರೆ ಬರೀತಿದ್ದೆ ಸಾರ್."

"ಖಾತ್ರಿನಾ?"

"ಬಕೆಟ್ ಅಳೆದೋನು ತ್ರಿಕೋನ ಬಿಡ್ತೀನಾ?"

ಆತ್ಮಹತ್ಯೆ ಎಂದುಕೊಂಡಿದ್ದರಿಂದ ಪುಸ್ತಕವನ್ನು ವಶಪಡಿಸಿಕೊಂಡಿರಲಿಲ್ಲ. ಅದು ಮನೆಯಲ್ಲೇ ಉಳಿದಿತ್ತು. ಅಂದ ಮೇಲೆ ತ್ರಿಕೋನ ಬರೆದದ್ದು ಮೇಡಂ ಸತ್ತ ನಂತರ, ಲೈಬ್ರರಿಯವರ ಮಾತು ಕೇಳಿ ಹೆದರಿದವರು. ಹನ್ನೊಂದು ಹತ್ತಕ್ಕೆ ಇನ್‌ಸ್ಪೆಕ್ಟರ್ ದೂರು ದಾಖಲಿಸಿ, ಅಸಹಜ ಸಾವಿನ ಫೈಲನ್ನು ಕೊಲೆ ಪ್ರಕರಣದ ಎಫ್‌ಐಆರ್ ಮಾಡಿದರು. ಮಧ್ಯಾಹ್ನ ಮೂವರೂ ಲೈಬ್ರರಿಗೆ ಹೋದರು.

ಸರಣಿಯ ಉಳಿದ ಹದಿಮೂರು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಡಲಾಯಿತು. ಮೇಡಂ ತ್ರಿಕೋನ ಎಲ್ಲದರಲ್ಲೂ ಮಗ್ಗಿ ತಪ್ಪದೆ ಇತ್ತು. ಟೇಪಣ್ಣ ಐವತ್ತನೇ ಪುಟಗಳನ್ನು ತೆರೆಯುತ್ತ ಹೋದ. ಹನ್ನೆರಡನೆಯದರಲ್ಲಿ ಕಣ್ಣಾಡಿಸಿ, "ಓ, ಇದರಲ್ಲಿ ಆ ಡ್ರೈವರ್..." ಎನ್ನುವಷ್ಟರಲ್ಲಿ ಇನ್‌ಸ್ಪೆಕ್ಟರ್ ಕೈ ಎತ್ತಿದರು.

"ಬಾಯಿ ಮುಚ್ಚು. ನಾನಿನ್ನೂ ಓದಿಲ್ಲ."

ಹದಿಮೂರೂ ಪುಸ್ತಕಗಳ ಐವತ್ತನೇ ಪುಟದಲ್ಲಿ, ಅದೇ ಮೂಲೆಯಲ್ಲಿ, ಅಂಟಿಕೊಂಡ ಎರಡು ಸಣ್ಣ ಸೊನ್ನೆಗಳಿದ್ದವು. ಕನ್ನಡಕದ ಹಾಗೆ.

"ಇದು ಯಾರದು?"

ಲೈಬ್ರರಿಯವರ ಮುಖ ಸಪ್ಪಗಾಯಿತು. "ಮೇಡಂ ಯಜಮಾನ್ರದು ಸಾರ್. ಒಂದೇ ಕಾರ್ಡು. ಮೇಡಂ ಓದಿದ ಮೇಲೆ ಅವರು ಓದೋರು."

ಯಜಮಾನರದು ಮನೆಯ ಎದುರಿಗೇ ಕನ್ನಡಕದ ಅಂಗಡಿ. ಅರವತ್ತೇಳು ವಯಸ್ಸಾದರೂ ಲೆನ್ಸ್ ಉಜ್ಜುವಾಗ ಕೈ ನಡುಗದವರು, ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳದವರು. ಹೆಂಡತಿಯ ತ್ರಿಕೋನವನ್ನು ಹದಿಮೂರು ಸಲ ಕಂಡಿದ್ದರೂ ಅದು ಯಾವ ಪುಟದಲ್ಲಿ ಬರುತ್ತದೆಂದು ಅವರು ಗಮನಿಸಿರಲಿಲ್ಲ. ಅವಸರದಲ್ಲಿ ಕೈ ತನ್ನ ಪುಟಕ್ಕೆ ತಾನೇ ಹೋಗಿತ್ತು. ಇಲ್ಲಿಂದ ಮುಂದೆ ದಾರಿ ಸಲೀಸು ಎಂದು ಇನ್‌ಸ್ಪೆಕ್ಟರಿಗೆ ಅನಿಸಿತು, ಆಗಿದ್ದೂ ಹಾಗೆಯೇ. ತ್ರಿಕೋನದ ಗೆರೆ ಮಾಮೂಲಿ ಪೆನ್ಸಿಲಿನದಲ್ಲ, ಲೆನ್ಸ್ ಮೇಲೆ ಗುರುತು ಹಾಕುವ ಮೇಣದ ಪೆನ್ಸಿಲಿನದು ಎಂದು ಮಂಗಳವಾರ ಪ್ರಯೋಗಾಲಯ ತಿಳಿಸಿತು. ಸತ್ತ ದಿನ ಮಧ್ಯಾಹ್ನ ಮನೆಗೆ ಹೋಗಲೇ ಇಲ್ಲ ಎಂದು ಯಜಮಾನರು ಹೇಳಿಕೆ ಕೊಟ್ಟಿದ್ದರು. ಪಕ್ಕದ ಟೈಲರ್ ಬೇರೆಯೇ ಹೇಳಿದ: ನಾಲ್ಕರಿಂದ ನಾಲ್ಕೂವರೆವರೆಗೆ ಅಂಗಡಿಯ ಶಟರ್ ಅರ್ಧ ಇಳಿದಿತ್ತು, ಯಜಮಾನರು ರಸ್ತೆ ದಾಟುವುದನ್ನು ನೋಡಿದ್ದೇನೆ.

ಬುಧವಾರ ಬೆಳಗ್ಗೆ ಸೊಸೆಯ ಹೇಳಿಕೆ ಪಡೆದರು. ಒಂದು ವಾರದಿಂದ ನಿದ್ದೆಯಿಲ್ಲದ ಮುಖ. ತನ್ನನ್ನು ಹಿಡಿಯುತ್ತಾರೆಂದೇ ನಂಬಿ ಒಂದು ಜೊತೆ ಬಟ್ಟೆ ಚೀಲದಲ್ಲಿ ತಂದಿದ್ದಳು.

"ನಿಮ್ಮ ಅತ್ತೆ, ಮಾವ ಹೇಗಿದ್ರು?"

"ಅತ್ತೆ ಮಾತಾಡೋರು, ಮಾವ ಕೇಳೋರು ಸಾರ್."

"ಜಗಳ?"

"ಇಲ್ಲ. ಮಾವ ಒಂದೇ ಒಂದಕ್ಕೆ ಬೇಡಿಕೊಳ್ಳೋರು. ಕತೆ ಕೊನೇನ ಹೇಳ್ಬೇಡ ಕಣೆ ಅಂತ. ಅತ್ತೆ ಪುಸ್ತಕ ಮುಗಿಸಿದ ದಿನ ಊಟಕ್ಕೆ ಕೂತಾಗ ಹೇಳೇ ಬಿಡೋರು, ಕೊಲೆಗಾರ ಇವನೇ ಅಂತ. ನಗೋರು. ಮಾವ ಕನ್ನಡಕ ತೆಗೆದು ಒರೆಸ್ಕೊಂಡು ಸುಮ್ಮನಾಗೋರು."

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿಸಿ ಸಹಿ ಹಾಕಿಸಿಕೊಂಡರು. ಹನ್ನೆರಡು ಗಂಟೆಗೆ ಯಜಮಾನರು ಎದುರು ಕುಳಿತಿದ್ದರು.

"ಮೇಡಂ ಆ ಪುಸ್ತಕ ಮುಗಿಸಿದ್ರಾ?"

"ಮುಗಿಸಿದ್ಲು. ಗುರುತು ಹಾಕಿದಾಳಲ್ಲ."

"ನೀವು ನೋಡಿದ್ರಾ?"

"ನೋಡ್ದೆ. ಮಧ್ಯಾಹ್ನವೇ ಮುಗೀತು ಅಂದ್ಲು."

"ನೀವು ಮಧ್ಯಾಹ್ನ ಮನೆಗೆ ಹೋಗಿರಲಿಲ್ಲ ಅಂದ್ರಿ."

ಯಜಮಾನರು ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡರು.

"ಸರಿ, ಬಿಡಿ. ಕೊಲೆಗಾರ ಯಾರಂತೆ?"

"ಏನು?"

"ಹದಿನಾಲ್ಕನೇ ಪುಸ್ತಕದಲ್ಲಿ. ಕೊಲೆ ಮಾಡಿದೋರು ಯಾರು?"

"ಅದು... ಅವಳು ಹೇಳಲಿಲ್ಲ."

"ಹದಿಮೂರೂ ಪುಸ್ತಕದ ಕೊನೆ ಹೇಳಿದೋರು, ಇದೊಂದನ್ನ ಹೇಳಲಿಲ್ವಾ?"

ಯಜಮಾನರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಕನ್ನಡಕವನ್ನು ಮೇಜಿನ ಮೇಲಿಟ್ಟು, "ಬರ್ಕೊಳ್ಳಿ" ಎಂದರು.

ನಾಲ್ಕು ಗಂಟೆಯ ಚಹಾ ಅವರೇ ಮಾಡಿದ್ದರು. ಸೊಸೆ ಮನೆಗೆ ತಂದಿಟ್ಟಿದ್ದ ನಿದ್ದೆ ಮಾತ್ರೆ ಅದರಲ್ಲಿತ್ತು. ಲೋಟ ತೊಳೆದಿಟ್ಟು, ಖಾಲಿ ಪಟ್ಟಿಗಳನ್ನು ಕುರ್ಚಿಯ ಪಕ್ಕ ಬಿಟ್ಟು ಅಂಗಡಿಗೆ ವಾಪಸ್ಸಾಗಿ, ಐದಕ್ಕೆ ಒಬ್ಬ ಗಿರಾಕಿಯ ಫ್ರೇಮ್ ಸರಿ ಮಾಡಿಕೊಟ್ಟಿದ್ದರು.

"ಕತೆ ಕೊನೆ ಹೇಳಿದ್ದಕ್ಕೆ ಹೆಂಡತೀನ ಕೊಂದ್ರಾ?" ಟೇಪಣ್ಣ ತಡೆಯಲಾರದೆ ಕೇಳಿಬಿಟ್ಟ.

"ಪುಸ್ತಕದ್ದಲ್ಲಪ್ಪ. ನಂದು."

ಅವರ ಹೊಟ್ಟೆಯಲ್ಲಿ ಒಂದು ಗಡ್ಡೆ ಸಿಕ್ಕಿತ್ತು. ಪರೀಕ್ಷೆಯ ವರದಿ ಎಂಟನೇ ತಾರೀಕು ಮನೆಗೆ ಬಂದಿತ್ತು. ಗುರುವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ಅವರೇ ತೆರೆಯಲಿ, ಅವರ ಬಾಯಿಂದಲೇ ಕೇಳುತ್ತೇನೆ, ಇದೊಂದನ್ನು ನನಗೆ ಬಿಡು ಎಂದು ಹೆಂಡತಿಗೆ ಕೈಮುಗಿದು ಹೇಳಿದ್ದರು. ಮರುದಿನ ತಿಂಡಿಗೆ ಕೂತಾಗ ಮೇಡಂ ತಟ್ಟೆ ಸರಿಸುತ್ತ ಹೇಳಿದರು: ನೋಡ್ದೆ ಕಣ್ರೀ, ಒಂದು ವರ್ಷ, ಹೆಚ್ಚೆಂದರೆ. ಅದೇ ಧಾಟಿಯಲ್ಲಿ, ಡ್ರೈವರೇ ಕೊಲೆಗಾರ ಎಂದು ಹೇಳುವ ಧಾಟಿಯಲ್ಲಿ. ನಂತರ ಟೆರೇಸಿಗೆ ಹೋಗಿ ಸೊಸೆಯ ಜೊತೆ ಬಟ್ಟೆಗೆ ಜಗಳ ಶುರು ಮಾಡಿದರು.

"ಡಾಕ್ಟರ ಹತ್ರ ಹೋದ್ರಾ?"

"ಇನ್ನೇನಕ್ಕೆ ಹೋಗ್ಲಿ? ಗೊತ್ತಾಯ್ತಲ್ಲ."

"ಸೊಸೆ ಒಳಗೆ ಹೋಗ್ತಾಳೆ ಅಂತಲೂ ಗೊತ್ತಿತ್ತಲ್ವಾ?"

"ಅವಳಿಗೇನೂ ಆಗಲ್ಲ ಅಂದ್ಕೊಂಡಿದ್ದೆ."

"ಬೀದಿ ತುಂಬ ಅವಳ ಮೇಲೆ ಉಗೀತಿದ್ರು. ನೀವು ಬಾಗಿಲಲ್ಲಿ ಕೂತು ಕೇಳಿಸ್ಕೊಂಡ್ರಿ."

ಇನ್‌ಸ್ಪೆಕ್ಟರಿಗೆ ಆ ಹೊತ್ತು ಈ ಮುದುಕನ ಮೇಲೆ ಮೈಯುರಿಯಿತು. ಹೆಂಡತಿಯ ವಿಷಯಕ್ಕಿಂತ ಈ ಮಾತಿಗೇ ಹೆಚ್ಚು ಉರಿಯಿತು.  ಒಂದು ಐವತ್ತಕ್ಕೆ ದಸ್ತಗಿರಿ ಆಯಿತು. ಅಂಗಡಿಯ ಡ್ರಾಯರಿನಲ್ಲಿ ಮೇಣದ ಪೆನ್ಸಿಲ್ ಮತ್ತು ವರದಿಯ ತೆರೆದ ಲಕೋಟೆ ಸಿಕ್ಕವು. ಪಂಚರ ಸಮಕ್ಷಮ ವಶಪಡಿಸಿಕೊಂಡರು.

ಸೊಸೆ ಹೊರಗಿನ ಬೆಂಚಿನಲ್ಲೇ ಕುಳಿತಿದ್ದಳು. ನಿಮ್ಮ ಮೇಲೆ ಏನೂ ಇಲ್ಲ, ಮನೆಗೆ ಹೋಗಿ ಎಂದರೂ ಏಳಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಅತ್ತಳು, ಮೂಗೊರೆಸಿಕೊಂಡಳು, ಆಮೇಲೆ ವರದಿಯ ಒಂದು ನಕಲು ಕೇಳಿದಳು.

"ಯಾಕಮ್ಮಾ?"

"ಅತ್ತೆ ಲೆಕ್ಕದೋರು ಸಾರ್, ಡಾಕ್ಟರಲ್ಲ."

ಅದನ್ನು ಡಾಕ್ಟರಿಗೆ ತೋರಿಸಿ ಸಂಜೆ ಐದಕ್ಕೆ ಹಿಂತಿರುಗಿದಳು. ಇನ್‌ಸ್ಪೆಕ್ಟರ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು. "ಕೆಟ್ಟ ಗಡ್ಡೆ ಅಲ್ವಂತೆ. ಒಂದು ಆಪರೇಷನ್ ಸಾಕಂತೆ. ಅತ್ತೆ ಓದಿದ್ದು ತಪ್ಪು."

ಟೇಪಣ್ಣ ಕೈಯಲ್ಲಿದ್ದ ಫೈಲನ್ನು ಕೆಳಗಿಟ್ಟ. 

ಲಾಕಪ್ಪಿನ ಒಳಗಿನಿಂದ ಯಜಮಾನರು ಸೊಸೆಯನ್ನು ನೋಡಿದ್ದರು, ಅವಳ ಕೈಯಲ್ಲಿದ್ದ ಕಾಗದವನ್ನೂ ನೋಡಿದ್ದರು. ಅವಳು ಸರಳುಗಳ ಹತ್ತಿರ ಬರುವ ಮೊದಲೇ ಎದ್ದು ಗೋಡೆಯ ಕಡೆ ತಿರುಗಿಬಿಟ್ಟರು.

"ಹೇಳ್ಬೇಡಮ್ಮ. ಕೈಮುಗೀತೀನಿ."

ಸೊಸೆ ಕಾಗದವನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಹಾಕಿದಳು.

"ನಾನು ಹೇಳಲ್ಲ ಮಾವ. ನಾಳೆ ಬೆಳಗ್ಗೆ ಹತ್ತಕ್ಕೆ ಡಾಕ್ಟ್ರು ಇಲ್ಲಿಗೇ ಬರ್ತಾರೆ. ಅವರ ಬಾಯಿಂದಲೇ ಕೇಳಿ."

 ಯಜಮಾನರು ಗೋಡೆಗೆ ಹಣೆ ಒತ್ತಿ, ಎಂಟು ದಿನದಲ್ಲಿ ಮೊದಲ ಸಲ, ಗಟ್ಟಿಯಾಗಿ ಅತ್ತರು. ಸೊಸೆ ಅಲ್ಲಿಂದ ಹೋಗಲಿಲ್ಲ. ಇನ್‌ಸ್ಪೆಕ್ಟರ್ ಹೋಗೆನ್ನಲೂ ಇಲ್ಲ.